ಹೆಸರು ಮೊದಲು, ಗೊಂಬೆ ಆಮೇಲೆ

ಅಕ್ಕಯ್ಯಂದಿರೇ, ಚಿಕ್ಕಮ್ಮಂದಿರೇ, ಆಚೆಮನೆ ಈಚೆಮನೆ ಹೆಂಗ್ಸ್ರೇ, ಈ ವಾರ ಮಿಡಿ ಉಪ್ಪಿನಕಾಯಿ ವಿಷಯ ಬರಿತೆ ಅಂದಿದ್ದೆ. ಅದು ಭರಣಿಯಲ್ಲಿ ಇನ್ನೊಂದು ವಾರ ಕೂತ್ಕಳ್ಲಿ, ಎಂತ ಹಾಳಾತಿಲ್ಲೆ. ಅದಕ್ಕಿಂತ ಮೊದಲು ಹೇಳುಕೆ ಒಂದು ಮಾತು ಇತ್ತ್, ತಡ ಮಾಡಿದ್ರೆ ಸಿಮೆಂಟು ಗಟ್ಟಿಯಾಗಿ ಹೋತ್ತ್.

ನಮ್ಮೂರ ಕಡಲ ಬದಿಗೆ ಸ್ಮಾರಕ ಬಪ್ಪುದಂಬ್ರ್. ಕಡಲಿಗೆ ಹೋಗಿ ವಾಪಸ್ ಬಾರದವರ ನೆನಪಿಗೆ. ಚಂದಾ ಪುಸ್ತಕ ಮನೆಮನೆಗೆ ಬತ್ತಾ ಇತ್ತ್. ಅದರ ಚಿತ್ರ ನೀವೆಲ್ಲ ವಾಟ್ಸಾಪಿನಲ್ಲಿ ಕಂಡಿದ್ರಿ. ಸಿಮೆಂಟಿನ ದೋಣಿ, ಅದರ ಮೇಲೆ ಬಲೆ ಎಳಿತಾ ಇಪ್ಪ ಗಟ್ಟಿಮುಟ್ಟು ಗಂಡ್ಸು, ಕೆಳಗೆ ಬಣ್ಣದ ಲೈಟು, ಕಾರಂಜಿ, ಎದುರಿಗೆ ಫೋಟೊ ತೆಗೆಸ್ಕಂಬುಕೆ ಒಂದು ಕಟ್ಟೆ. ಬದಿಯಲ್ಲಿ ಕಪ್ಪು ಕಲ್ಲಿನ ಫಲಕ. ಆ ಫಲಕದಲ್ಲಿ ಎಂತ ಬರಿತ್ರಿ ಅಂತ ಕೇಂಡೆ. ಉದ್ಘಾಟನೆ ಮಾಡುವವರ ಹೆಸರು, ಅಧ್ಯಕ್ಷರ ಹೆಸರು, ಹತ್ತು ಸಾವಿರದಿಂದ ಮೇಲೆ ಕೊಟ್ಟವರ ಹೆಸರು ಅಂದ್ರು. ಕಡಲಿಗೆ ಹೋದವರ ಹೆಸರು ಎಲ್ಲಿ? "ಅದೆಲ್ಲ ಯಾರ ಹತ್ರ ಇತ್ತ್ ಅಕ್ಕಾ? ಎಷ್ಟು ಜನ ಅಂತ ಲೆಕ್ಕ ಇಡುದು?"

ಆ ಒಂದು ಮಾತಿಗೇ ಈ ಬರಹ. ಹೆಸರಿಲ್ಲದ ಸ್ಮಾರಕ ಬರೀ ಗೊಂಬೆ. ಮೊದಲು ಹೆಸರು ಬರೀಕ್, ಗೊಂಬೆ ಆಮೇಲೆ ಬೇಕಾದ್ರೆ ನಿಲ್ಲಿಸ್ಲಿ. ಹೆಸರಿನ ಪಟ್ಟಿ ಆಪಲ್ಲಿವರೆಗೆ ನಮ್ಮನೆಯಿಂದ ಚಂದಾ ಹೋಪುದಿಲ್ಲೆ. ನಿಮ್ಮನೆಯಿಂದಲೂ ಹೋಪುದು ಬೇಡ ಅಂತ ಕೈಮುಗಿದು ಕೇಳ್ತೆ.

ಸ್ಮಾರಕವೇ ಬೇಡ ಅಂತ ನಾನು ಹೇಳ್ತಾ ಇಲ್ಲೆ, ಇದನ್ನು ತಿರುಚಿ ಹೇಳುವವರು ಕಿವಿಗೊಟ್ಟು ಕೇಣಿ. ಬೇರೆ ಯಾರಿಗೆ ಬೇಡದಿದ್ರೂ ಕಡಲಿಗೆ ಹೋದವರಿಗೆ ಸ್ಮಾರಕ ಬೇಕೇ ಬೇಕು. ಎಂತಕೆ ಅಂದ್ರೆ, ನೆಲದ ಮೇಲೆ ಸತ್ತವರಿಗೆ ಒಂದು ಜಾಗ ಇರ್ತದೆ. ಸುಟ್ಟ ಜಾಗ, ಹುಗಿದ ಜಾಗ, ಕಡೇಪಕ್ಷ ಕೊನೆಗೆ ಮಲಗಿಸಿದ ಚಾವಡಿ. ಅಲ್ಲಿಗೆ ಹೋಗಿ ಒಂದು ಗಳಿಗೆ ನಿಂತ್ಕಂಬುಕೆ ಆತ್ತ್. ಕಡಲಿಗೆ ಹೋದವರಿಗೆ ಜಾಗ ಎಲ್ಲಿ? ಇಡೀ ಕಡಲೇ ಜಾಗ ಅಂದ್ರೆ ಜಾಗವೇ ಇಲ್ಲೆ ಅಂದ ಹಾಂಗೆ. ಆ ಕಡಲಿನಿಂದಲೇ ಮರುದಿನ ಬಂಗ್ಡೆ ಬರ್ಕ್, ಅದನ್ನೇ ಬುಟ್ಟಿಯಲ್ಲಿ ಹೊತ್ತು ಮಾರ್ಕ್, ಅದರ ದುಡ್ಡಲ್ಲೇ ಮಕ್ಕಳ ಫೀಸು ಕಟ್ಕ್. ಹಾಂಗಾಗಿ ಒಂದು ಕಲ್ಲು, ಅದರಲ್ಲಿ ಒಂದು ಹೆಸರು, ಕೈಯಿಟ್ಟು ಮುಟ್ಟುವಷ್ಟು ಹತ್ರ. ಸ್ಮಾರಕದ ಕೆಲಸ ಇಷ್ಟೇ. ಈ ಕೆಲಸ ಕಾರಂಜಿ ಮಾಡುದಿಲ್ಲೆ.

ಮಗಳ ಬಾಣಂತನಕ್ಕೆ ಬೋಸ್ಟನ್ನಿಗೆ ಹೋಗಿದ್ದೆ ಅಲ್ದಾ, ಆಗ ಗ್ಲಾಸ್ಟರ್ ಅಂಬ ಊರಿಗೆ ಕರ್ಕಂಡು ಹೋಗಿದ್ರು. ಬೋಸ್ಟನ್ನಿಂದ ಕಾರಲ್ಲಿ ಒಂದು ತಾಸು. ಅದು ಮೀನುಗಾರರ ಊರು, 1623ರಲ್ಲಿ ಶುರುವಾದ್ದು. ಅಟ್ಲಾಂಟಿಕ್ ಕಡಲಿಗೆ ಮುಖ ಮಾಡಿ ಉದ್ದಕ್ಕೆ ಒಂದು ರಸ್ತೆ, ರಸ್ತೆ ಬದಿಗೆ ಹುಲ್ಲು, ಅಲ್ಲಿ ಕಂಚಿನ ಒಬ್ಬ ಗಂಡ್ಸು ನಿಂತಿದ್ದ. ಎಂಟು ಅಡಿ ಎತ್ತರ. ಮೈಗೆ ಮಳೆಯಂಗಿ, ತಲೆಗೆ ಟೊಪ್ಪಿ, ಓರೆಯಾದ ಹಲಗೆಯ ಮೇಲೆ ಕಾಲು ಊರಿ, ಎರಡೂ ಕೈಯಲ್ಲಿ ಚುಕ್ಕಾಣಿ ಚಕ್ರ ಹಿಡಕಂಡು ದೂರ ಕಾಂತಾ ಇದ್ದ. ಊರಿಗೆ 300 ವರ್ಷ ತುಂಬುವ ಹೊತ್ತಿಗೆ ಮಾಡುಕೆ ಹೊರಟದ್ದು, 1925ರಲ್ಲಿ ನಿಲ್ಲಿಸಿದ್ದು. ಮಾಡಿದವ ಲಿಯೊನಾರ್ಡ್ ಕ್ರಾಸ್ಕ್ ಅಂಬ ಶಿಲ್ಪಿ. ಚಂದ ಇತ್ತ್, ಸುಳ್ಳು ಹೇಳುದಿಲ್ಲೆ. ಅಮೆರಿಕದಲ್ಲಿ ಹೆಸರುವಾಸಿಯಾದ ಪ್ರತಿಮೆ ಅದು, ಟಪಾಲು ಕಾರ್ಡಿನ ಮೇಲೆಲ್ಲ ಬಂದದ್ದು.

ಆದ್ರೆ ನನ್ನನ್ನು ನಿಲ್ಲಿಸಿದ್ದು ಆ ಗಂಡ್ಸು ಅಲ್ಲ. ಅವನ ಎದುರಿಗೆ ಅರ್ಧ ಸುತ್ತಿನಲ್ಲಿ ಕಂಚಿನ ಫಲಕಗಳು ಇದ್ದೊ. ಅದರ ತುಂಬ ಹೆಸರು. ವರ್ಷ ಹಾಕಿ, ಅದರ ಕೆಳಗೆ ಆ ವರ್ಷ ಹೋದವರ ಹೆಸರು. 5,368 ಹೆಸರು! ತಾಂಡೇಲ ಯಾರು, ಕಲಾಸಿ ಯಾರು ಅಂತ ಮೇಲೆ ಕೆಳಗೆ ಮಾಡದೆ ವರ್ಷದ ಲೆಕ್ಕದಲ್ಲಿ ಒಬ್ಬರ ಕೆಳಗೆ ಒಬ್ಬರು. 1991ರಲ್ಲಿ ಆಂಡ್ರಿಯಾ ಗೇಲ್ ಅಂಬ ಬೋಟು ಆ ಊರಿನಿಂದ ಹೋಗಿ ಆರು ಜನರ ಸಮೇತ ಕಾಣೆಯಾಯ್ತು, ಬೋಟೂ ಸಿಕ್ಕಲಿಲ್ಲೆ, ಹೆಣವೂ ಸಿಕ್ಕಲಿಲ್ಲೆ. ಅದೇ ಕತೆಯನ್ನು ಹಾಲಿವುಡ್ಡಿನವರು ಸಿನಿಮಾ ಮಾಡಿದ್ರು. ಆ ಆರು ಜನರ ಹೆಸರೂ ಅಲ್ಲಿ ಇತ್ತ್, ಸಿನಿಮಾ ಕಾಣದವರ ಹೆಸರಿನ ಸಾಲಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ.

ಈಗ ಒಂದು ಲೆಕ್ಕ ಹೇಳ್ತೆ, ಕಾಣಿ. ಗಂಡ್ಸಿನ ಪ್ರತಿಮೆ ಬಂದದ್ದು 1925ರಲ್ಲಿ. ಹೆಸರಿನ ಫಲಕ ಬಂದದ್ದು 2000ದಲ್ಲಿ. ಪೂರಾ 75 ವರ್ಷ ಹೆಸರಿಲ್ಲದೆ ಆ ಗೊಂಬೆ ಒಂದೇ ನಿಂತಿದ್ದಿತ್ತ್. ಅದೇ ರಸ್ತೆಯಲ್ಲಿ ಸ್ವಲ್ಪ ಆಚೆ ಇನ್ನೊಂದು ಪ್ರತಿಮೆ ಇತ್ತ್. ಒಬ್ಬಳು ಹೆಂಗ್ಸು, ಹತ್ರ ಎರಡು ಮಕ್ಕಳು, ಕಡಲನ್ನು ಕಾಂತಾ ನಿಂತದ್ದು. ಮಾರ್ಗನ್ ಫಾಲ್ಡ್ಸ್ ಪೈಕ್ ಅಂಬ ಶಿಲ್ಪಿ ಮಾಡಿದ್ದು. ಅದು ಬಂದದ್ದು 2001ರಲ್ಲಿ, ಗಂಡ್ಸು ನಿಂತು 76 ವರ್ಷ ಆದ ಮೇಲೆ! ಅದನ್ನು ನಿಲ್ಲಿಸಿದ್ದು ಮೀನುಗಾರರ ಹೆಂಡ್ತಿಯರ ಸಂಘ, ಊರಿನ ಹೆಂಗ್ಸ್ರೇ. ಅದರ ಕೆಳಗೆ ಬರೆದದ್ದರ ಅರ್ಥ ಮಗಳು ಹೇಳಿದಳು: ಆ ಊರಿನ ಮೀನುಗಾರರ ಹೆಂಡ್ತಿ, ತಾಯಿ, ಮಗಳು, ಅಕ್ಕತಂಗಿಯರು ಸೇರಿ ಲೋಕದ ಎಲ್ಲಾ ಕಡೆಯ ಮೀನುಗಾರರ ಹೆಂಡ್ತಿಯರಿಗೆ ಕೊಟ್ಟ ಗೌರವ ಅದು. ಎಲ್ಲಾ ಕಡೆ ಅಂದ್ರೆ ನಾವೂ ಬಂತು. ನಮಗೆ ನಮ್ಮೂರಲ್ಲಿ ಸಿಕ್ಕದ ಗೌರವ ಅಲ್ಲಿನ ಯಾರೋ ಹೆಂಗ್ಸ್ರು ಕೊಟ್ಟು ಕೂಡಿಸಿದ್ರು.

ಅಂಥ ದುಡ್ಡಿಪ್ಪ ದೇಶಕ್ಕೇ ಹೆಸರು ಬರೀಕೆ 75 ವರ್ಷ ಬೇಕಾಯ್ತು, ಹೆಂಗ್ಸಿನ ನೆನಪಾಪುಕೆ 76 ವರ್ಷ. ಅವರು ಹೋದ ದಾರಿಯಲ್ಲೇ ನಾವೂ ಹೋಯ್ಕಾ? ನಮ್ಮಲ್ಲಿ ಗೊಂಬೆ ಇನ್ನೂ ಎದ್ದಿಲ್ಲೆ. ಕ್ರಮ ಬದಲಿಸುಕೆ ಇದೇ ಹೊತ್ತು.

"ಅಮೆರಿಕದವರ ಹತ್ರ ದುಡ್ಡಿತ್ತ್, ಬರೆಸಿದ್ರು" ಅಂತ ಒಬ್ಬರು ಹೇಳಿದ್ರು. ದುಡ್ಡಿಗೂ ಇದಕ್ಕೂ ಎಂತ ಸಂಬಂಧ ಮಾರಾಯ್ರೆ? ಕಾರಂಜಿಗೆ ಪಂಪು ಬೇಕು, ಕರೆಂಟು ಬೇಕು, ಉಪ್ಪುಗಾಳಿಗೆ ವರ್ಷದೊಳಗೆ ತುಕ್ಕು ಹಿಡಿದು ನಿಂತ್ ಹೋತ್ತ್. ಅದಕ್ಕೆ ದುಡ್ಡಿತ್ತ್. ಒಂದು ಹೆಸರು ಕೆತ್ತುಕೆ ಇಲ್ಲೆ ಅಂದ್ರೆ ಕೊರತೆ ದುಡ್ಡಿನದ್ದಲ್ಲ, ಮನಸಿನದ್ದು.

ನಮ್ಮ ದೇಶದಲ್ಲಿ ಇಂಥದ್ದು ಇಲ್ಲವೇ ಇಲ್ಲೆ ಅಂತಲೂ ಅಲ್ಲ. ಗುಜರಾತಿನ ಬದಿಯ ದಿಯುವಿನಲ್ಲಿ ಐಎನ್‌ಎಸ್ ಖುಕ್ರಿಯ ಸ್ಮಾರಕ ಇತ್ತ್, ಕಡಲಿಗೆ ಎದುರಾಗಿ, ಗಾಜಿನ ಮನೆಯೊಳಗೆ ಹಡಗಿನ ಮಾದರಿ ಇಟ್ಟದ್ದು. 1971ರ ಯುದ್ಧದಲ್ಲಿ, ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಸಬ್‌ಮೆರಿನ್ ಹೊಡೆದು ಮುಳುಗಿಸಿದ ಹಡಗು. 18 ಅಧಿಕಾರಿಗಳು, 176 ನಾವಿಕರು ಹೋದ್ರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಾನು ಇಳಿಯದೆ ಹಡಗಿನ ಜೊತೆಯೇ ಮುಳುಗಿದ್ರು, ಅವರಿಗೆ ಮಹಾವೀರ ಚಕ್ರ ಬಂತು. 18 ಮತ್ತು 176 ಅಂತ ಅಷ್ಟು ಕರಾರುವಾಕ್ಕು ಲೆಕ್ಕ ಹ್ಯಾಂಗೆ ಸಿಕ್ಕಿತು ಅಂದ್ರೆ, ನೌಕಾಪಡೆಯಲ್ಲಿ ಹಡಗು ಹತ್ತುವವನ ಹೆಸರು ಪುಸ್ತಕದಲ್ಲಿ ಇರ್ತದೆ. ನಮ್ಮ ಬೋಟು ಹತ್ತುವವನ ಹೆಸರು ತಾಂಡೇಲನ ಬಾಯಲ್ಲಿ ಇರ್ತದೆ. ತಾಂಡೇಲನೂ ಹೋದ್ರೆ ಆ ಪುಸ್ತಕವೂ ಹೋಯ್ತು. ಯೂನಿಫಾರ್ಮ್ ಹಾಕಿ ಹೋದವನೂ, ಲುಂಗಿ ಎತ್ತಿ ಕಟ್ಟಿ ಹೋದವನೂ ಅದೇ ಅರಬ್ಬೀ ಸಮುದ್ರದಲ್ಲೇ ಅಲ್ದಾ ಹೋದ್ದು? ಒಬ್ಬನಿಗೆ ಲೆಕ್ಕ ಇತ್ತ್, ಇನ್ನೊಬ್ಬನಿಗೆ "ಎಷ್ಟು ಜನ ಅಂತ ಲೆಕ್ಕ ಇಡುದು".

ಸುವರ್ಣ ತ್ರಿಭುಜ ನಿಮಗೆಲ್ಲ ನೆನಪಿರ್ಕ್. 2018ರ ಡಿಸೆಂಬರ್ 13ಕ್ಕೆ ಮಲ್ಪೆಯಿಂದ ಹೊರಟ ಬೋಟು. ಏಳು ಜನ. ಎರಡು ದಿನ ಆದ ಮೇಲೆ ಸಂಪರ್ಕ ಹೋಯ್ತು. ಜನವರಿಯಲ್ಲಿ ಸಾವಿರಗಟ್ಟಲೆ ಮೀನುಗಾರರು ಹೆದ್ದಾರಿಗೆ ಇಳಿದ್ರು, ಹುಡ್ಕಿಕೊಡಿ ಅಂತ. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಹಡಗು ಮಹಾರಾಷ್ಟ್ರದ ಮಾಲ್ವಣ್ ಕಡಲಿನ ಅಡಿಯಲ್ಲಿ ಬೋಟಿನ ಅವಶೇಷ ಕಂಡುಹಿಡಿಯಿತು. ಏಳು ಜನ ಸಿಕ್ಕಲಿಲ್ಲೆ. ಈಗ ನಿಮ್ಮನ್ನೇ ಕೇಳ್ತೆ. ಬೋಟಿನ ಹೆಸರು ನಮಗೆಲ್ಲ ಬಾಯಿಪಾಠ. ಆ ಏಳು ಜನರಲ್ಲಿ ಎಷ್ಟು ಹೆಸರು ಹೇಳ್ತ್ರಿ? ಅವರ ಮನೆಯವರನ್ನು ಬಿಟ್ಟು ಹೇಳಿ. ಬೋಟಿನ ಹೆಸರು ದೊಡ್ಡ ಅಕ್ಷರದಲ್ಲಿ ಬರೆದಿರ್ತದೆ, ಅದಕ್ಕೆ ನೋಂದಣಿ ಇತ್ತ್, ವಿಮೆ ಇತ್ತ್, ಸಾಲದ ಪತ್ರ ಇತ್ತ್. ಮನುಷ್ಯನ ಹೆಸರು ಎಲ್ಲೂ ಬರೆದಿರುದಿಲ್ಲೆ.

ಬೋಟಿನಲ್ಲಿ ಹೋಪವರು ಈಗ ನಮ್ಮೂರಿನವರೇ ಅಂತಲೂ ಇಲ್ಲೆ. ಸುವರ್ಣ ತ್ರಿಭುಜದಲ್ಲೂ ಹೆಚ್ಚಿನವರು ಉತ್ತರ ಕನ್ನಡದ ಬದಿಯವರು. ಈಗಂತೂ ಮಲ್ಪೆ, ಗಂಗೊಳ್ಳಿ ಧಕ್ಕೆಯಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಎಷ್ಟೋ ಜನ ಕಾಂತ್ರು. ಅವರಲ್ಲಿ ಒಬ್ಬ ಹೋದ್ರೆ ನಮ್ಮೂರ ಕಲ್ಲಿನಲ್ಲಿ ಅವನ ಹೆಸರು ಇರ್ಕಾ ಬೇಡ್ದಾ? ಇರ್ಲೇಬೇಕು ಅಂತ ನಾನು ಹೇಳ್ತೆ. ಅವನು ಹೋದ್ದು ನಮ್ಮ ಬಾಣಲೆಗೆ ಬಿದ್ದ ಮೀನಿಗಾಗಿ. ಅವನ ತಾಯಿ ಎಲ್ಲೋ ಸಾವಿರ ಮೈಲಿ ದೂರ ಕೂತಿದ್ದಳು ಅಂತ ಅವಳ ಸಂಕಟ ನಮ್ಮದಕ್ಕಿಂತ ಸಣ್ಣದಾತಿಲ್ಲೆ.

ಹೆಸರು ಎಂತಕೆ ಅಷ್ಟು ಮುಖ್ಯ ಅಂತ ಗಂಡ್ಸ್ರಿಗೆ ತಿಳಿಯುದಿಲ್ಲೆ, ನಮಗೆ ಗೊತ್ತಿತ್ತ್. ನನ್ನ ದೊಡ್ಡಮ್ಮನ ವಿಷಯ ಹಳಬರಿಗೆ ನೆನಪಿಪ್ಪುದು. ದೊಡ್ಡಪ್ಪ ರತ್ನಾಗಿರಿ ಬದಿಗೆ ಬೋಟಿನಲ್ಲಿ ಹೋಗಿದ್ರು. ರಾತ್ರಿ ಬಲೆ ಬಿಟ್ಟು ಎಲ್ಲರೂ ಮಲಗಿದ್ರು, ಬೆಳಿಗ್ಗೆ ಕಾಂಬತಿಗೆ ಅವರಿಲ್ಲೆ. ಬಿದ್ದದ್ದು ಯಾರೂ ಕಾಣಲಿಲ್ಲೆ, ಕೂಗಿದ್ದು ಯಾರೂ ಕೇಣಲಿಲ್ಲೆ. ದೊಡ್ಡಮ್ಮ ಕುಂಕುಮ ಅಳಿಸಲಿಲ್ಲೆ. ಮದುವೆ ಮನೆಯಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಕಂಡು ಬಪ್ಪ ಹೆಣ್ಣು ಸಾಲಾಗಿ ಎಲ್ಲರಿಗೂ ಕೊಟ್ಟು ದೊಡ್ಡಮ್ಮನ ಎದುರಿಗೆ ಬಂದಾಗ ಒಂದು ಕ್ಷಣ ನಿಂತ್ಕಂತಿದ್ದಿತ್ತ್. ಕೊಡ್ಕಾ ಬೇಡ್ದಾ? ಆ ಒಂದು ಕ್ಷಣ, ಅದನ್ನು ಕಾಂಬುಕೆ ಆತಿರಲಿಲ್ಲೆ. ಕೆಲವರು ಕೊಟ್ಟು ಹೋತಿದ್ರು, ಕೆಲವರು ಕಣ್ಣು ತಪ್ಪಿಸಿ ಪಕ್ಕದವರಿಗೆ ಕೊಡ್ತಿದ್ರು. "ಇನ್ನೂ ಎಷ್ಟು ವರ್ಷ ಇಡುದು ಅಂಬ್ರ್?" ಅಂತ ಅಡುಗೆಕೋಣೆಯಲ್ಲಿ ಪಿಸುಗುಟ್ಟಿದ್ದು ಅವಳ ಕಿವಿಗೆ ಬೀಳ್ತಿದ್ದಿತ್ತ್. ಪಿಸುಗುಟ್ಟಿದವರು ಹೆಂಗ್ಸ್ರೇ, ಹೊರಗಿನಿಂದ ಯಾರೂ ಬಂದು ಹೇಳಿದ್ದಲ್ಲ.

ರೇಶನ್ ಕಾರ್ಡಿನಿಂದ ದೊಡ್ಡಪ್ಪನ ಹೆಸರು ತೆಗೆಸುಕೆ ಅವಳು ಬಿಡಲಿಲ್ಲೆ. ಇಡೀ ಲೋಕದಲ್ಲಿ ಅವರ ಹೆಸರು ಬರೆದಿದ್ದ ಜಾಗ ಅದೊಂದೇ. ಹಟಮಾರಿ ಅಂದ್ರು ಜನ. ಈಗ ದೊಡ್ಡಮ್ಮನೂ ಇಲ್ಲೆ, ಆ ಕಾರ್ಡೂ ಇಲ್ಲೆ. ಊರಲ್ಲಿ ಎಲ್ಲಾದ್ರೂ ಒಂದು ಕಲ್ಲಿದ್ದು, ದೊಡ್ಡಪ್ಪನ ಹೆಸರು ಅದರಲ್ಲಿ ಇದ್ದಿದ್ರೆ ಅವಳಿಗೆ ರೇಶನ್ ಕಾರ್ಡನ್ನು ಹೀಂಗೆ ಎದೆಗೆ ಒತ್ತಿ ಹಿಡಕಂಬ ಕರ್ಮ ಬತ್ತಿರಲಿಲ್ಲೆ.

ಕಾನೂನಿನ ಕತೆಯೂ ಇದೇ. ಒಬ್ಬ ಮನುಷ್ಯ ಏಳು ವರ್ಷ ಸುದ್ದಿಯಿಲ್ಲದೆ ಹೋದ್ರೆ, ಬದುಕಿದ್ದಾನೆ ಅಂತ ಹೇಳುವವರೇ ಅದನ್ನು ಸಾಬೀತು ಮಾಡ್ಕ್, ಇಲ್ಲದಿದ್ರೆ ತೀರಿಹೋದ ಅಂತ ಕೋರ್ಟು ತಿಳ್ಕಂತದೆ. ಹಳೇ ಸಾಕ್ಷ್ಯ ಕಾಯಿದೆಯ 108ನೇ ಕಲಂ ಅದು, 2024ರ ಜುಲೈಯಿಂದ ಬಂದ ಹೊಸ ಕಾಯಿದೆಯಲ್ಲೂ ಅದೇ ಏಳು ವರ್ಷ. ಹೆಣ ಸಿಕ್ಕದೆ, ಬೇರೆ ಪುರಾವೆ ಇಲ್ಲದೆ ಮರಣ ಪತ್ರ ಕೇಂಬುಕೆ ಹೋದವಳಿಗೆ ಈ ಏಳು ವರ್ಷವನ್ನೇ ತೋರಿಸ್ತ್ರು. ಮರಣ ಪತ್ರ ಇಲ್ಲದಿದ್ರೆ ವಿಮೆ ಇಲ್ಲೆ, ಬ್ಯಾಂಕಿನ ದುಡ್ಡಿಲ್ಲೆ, ವಿಧವಾ ವೇತನ ಇಲ್ಲೆ. ಅತ್ತ ಸಂಸಾರಸ್ಥೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ, ಏಳು ವರ್ಷ ನಡುನೀರಲ್ಲಿ. ಗಂಡ ಒಂದು ಸಲ ಮುಳುಗಿದ, ಇವಳು ದಿನಾ ಮುಳುಗ್ತಾಳೆ. ಅವನು ಯಾವ ದಿನ ಯಾವ ಬೋಟು ಹತ್ತಿದ ಅಂಬ ಒಂದು ಸಾಲು ಎಲ್ಲಾದ್ರೂ ಬರೆದಿದ್ರೆ ಅವಳ ಕೈಯಲ್ಲಿ ತೋರಿಸುಕೆ ಒಂದು ಕಾಗದ ಇರ್ತಿದ್ದಿತ್ತ್. ಹೆಸರು ಬರೆಯುದು ಬರೀ ಭಾವನೆಯ ಮಾತಲ್ಲ, ಅನ್ನದ ಮಾತು.

ಈಗ ಎದುರು ಮಾತಿಗೆ ಬಪ್ಪ. ಮೂರು ಮಾತು ಕೇಂಡೆ, ಮೂರಕ್ಕೂ ಉತ್ತರ ಕೊಡ್ತೆ.

ಮೊದಲನೇದು, "ಹೆಸರು ಕೆತ್ತಿದ್ರೆ ಸತ್ತ ಅಂತ ನಾವೇ ಹೇಳಿದ ಹಾಂಗಾತಿಲ್ದಾ? ಮನೆಯವರು ಇನ್ನೂ ಕಾಯ್ತಾ ಇದ್ರೆ?" ಈ ಮಾತಿಗೆ ಬೆಲೆ ಇತ್ತ್, ತಳ್ಳಿಹಾಕುಕೆ ಆತಿಲ್ಲೆ. ಅದಕ್ಕೇ ನಾನು ಹೇಳುದು, ಕಲ್ಲಿನಲ್ಲಿ ಸತ್ತವರು ಅಂಬ ಶಬ್ದವೇ ಬೇಡ. ಕಡಲಿಗೆ ಹೋದವರು ಅಂತ ಬರೀಲಿ. ಹೆಸರು, ಊರು, ಹೊರಟ ವರ್ಷ, ಅಷ್ಟು ಸಾಕು. ಹೋದ್ದು ಸತ್ಯ, ಅದಕ್ಕೆ ಯಾರ ತಕರಾರೂ ಇಲ್ಲೆ. ಆ ಮೇಲೂ ಯಾವುದಾದ್ರೂ ಮನೆಯ ಹೆಂಗ್ಸು ಬೇಡ ಅಂದ್ರೆ ಅವಳ ಮಾತೇ ಕೊನೆ, ಜಾಗ ಖಾಲಿ ಇಡ್ಲಿ. ಕೇಂಬುದನ್ನಾದ್ರೂ ಕೇಣ್ಕ್ ಅಲ್ದಾ? ಇಲ್ಲಿವರೆಗೆ ಯಾರು ಯಾರನ್ನು ಕೇಂಡಿದ್ರು?

ಎರಡನೇದು, "ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಅಂತ ಜಗಳ ಆತ್ತ್." ಚಂದಾ ಕೊಟ್ಟವರ ಹೆಸರಿಗೆ ಜಗಳ ಆಪುದು ಹೌದು, ಕಂಡಿದ್ದೇವೆ. ಕಡಲಿಗೆ ಹೋದವರದ್ದು ವರ್ಷದ ಪ್ರಕಾರ ಬರೆದ್ರೆ ಎಂತ ಜಗಳ? ಗ್ಲಾಸ್ಟರಿನಲ್ಲಿ 5,368 ಹೆಸರಿಗೆ ಸಾಧ್ಯ ಆಯ್ತು. ಕಡಲು ಜಾತಿ ಕೇಣಲಿಲ್ಲೆ, ಪಕ್ಷ ಕೇಣಲಿಲ್ಲೆ, ಬೋಟು ಯಾರದ್ದು ಅಂತಲೂ ಕೇಣಲಿಲ್ಲೆ. ಕಲ್ಲೂ ಕೇಂಬುದು ಬೇಡ.

ಮೂರನೇದು, "ಪ್ರವಾಸಿಗರು ಬಪ್ಪ ಜಾಗ, ಸೂತಕದ ಕಳೆ ಇದ್ರೆ ಯಾರು ಬತ್ತ್ರು?" ಈ ಮಾತಿಗೆ ಸಿಟ್ಟೇ ಬಂತು. ಹಾಂಗಾದ್ರೆ ಪ್ರವಾಸಿಗರಿಗೆ ಬೇಕಾದ್ದು ಕಟ್ಟಿ, ಆಟದ ಕುದುರೆ ಇಡಿ, ಐಸ್‌ಕ್ರೀಮ್ ಅಂಗಡಿ ಇಡಿ. ಯಾರೂ ಬೇಡ ಅನ್ನುದಿಲ್ಲೆ. ಹೋದವರ ಹೆಸರು ಹೇಳಿ ಚಂದಾ ಎತ್ತಿ ಐಸ್‌ಕ್ರೀಮ್ ತಿಂಬವರಿಗೆ ಕಟ್ಟೆ ಕಟ್ಟುದು ಯಾವ ನ್ಯಾಯ? ಗ್ಲಾಸ್ಟರಿಗೂ ಪ್ರವಾಸಿಗರು ಬತ್ತ್ರು. ಪ್ರತಿ ವರ್ಷ ಆಗಸ್ಟಿನಲ್ಲಿ ಊರಿನವರು ಅಲ್ಲಿ ಸೇರಿ ಹೋದವರನ್ನು ನೆನೆದು ನೀರಿಗೆ ಹೂ ಬಿಡ್ತ್ರು. ನಾವೂ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಬಿಡ್ತೇವೆ, ಮುಂದೆ ಹೋಪವರನ್ನು ಕಾಪಾಡು ಅಂತ. ಹಿಂದೆ ಹೋದವರನ್ನು ಹೆಸರು ಹಿಡಿದು ಕರೆಯುಕೆ ಅದೇ ದಿನ ಐದು ನಿಮಿಷ ಸಿಕ್ಕುದಿಲ್ದಾ?

ಇನ್ನು ಆ ಚಿತ್ರದ ಬಗ್ಗೆ. ದೋಣಿ ಇತ್ತ್, ಬಲೆ ಇತ್ತ್, ಗಂಡ್ಸು ಇದ್ದ. ನಾವು ಎಲ್ಲಿ? ಗಂಡ ಕಡಲಿಗೆ ಹೋದ ಮೇಲೆ ಬೆಳಗಿನ ಜಾವ ಧಕ್ಕೆಗೆ ಹೋಗಿ ಹರಾಜಿನಲ್ಲಿ ಮೀನು ಹಿಡಿದವಳು, ಬುಟ್ಟಿ ಹೊತ್ತು ಬಸ್ಸಿನವನ ಹತ್ರ ಬೈಸ್ಕಂಡವಳು, ಅವನು ಬಾರದೆ ಹೋದ ಮೇಲೆ ಅದೇ ಬುಟ್ಟಿಯಲ್ಲಿ ಮೂರು ಮಕ್ಕಳನ್ನು ಡಿಗ್ರಿ ಮಾಡಿಸಿದವಳು, ಅವಳಿಗೆ ಆ ಕಟ್ಟೆಯಲ್ಲಿ ಒಂದು ಮೂಲೆಯೂ ಇಲ್ಲೆ. ನನಗೆ ಹೆಂಗ್ಸಿನ ಗೊಂಬೆಯೂ ಬೇಕು ಅಂತ ಹಟ ಇಲ್ಲೆ. ಗೊಂಬೆಯ ದುಡ್ಡಲ್ಲಿ ನೆರಳಿಪ್ಪ ಒಂದು ಜಗಲಿ ಕಟ್ಲಿ, ಗಾಳಿ ಜೋರಾದಾಗ ಬೋಟು ಬಪ್ಪಲ್ಲಿವರೆಗೆ ಅಳಿವೆ ಬಾಗಿಲು ಕಾಂತಾ ಕೂರುವವರಿಗೆ. ಇಲ್ಲಿವರೆಗೆ ಹೊಯಿಗೆಯ ಮೇಲೆ, ಮಳೆಗೆ ಸೆರಗು ಮುಚ್ಚಿ ಕೂತದ್ದೇ ಬಂತು.

ಕಲ್ಲು ನೆಟ್ಟಲ್ಲಿಗೆ ಕೆಲಸ ಮುಗಿಯುದೂ ಇಲ್ಲೆ. ಗ್ಲಾಸ್ಟರಿನ ಆ ಹೆಂಗ್ಸ್ರ ಸಂಘ ಶುರುವಾದ್ದು 1969ರಲ್ಲಿ. ಮೀನಿನ ಅಡುಗೆ ಪುಸ್ತಕ ಮಾಡಿದ್ರು, ಹಾಂ, ನಮ್ಮ ಹಾಂಗೆ ಅಡುಗೆ ಬರೆಯುವವರೇ ಅವರೂ. ಅದೇ ಹೆಂಗ್ಸ್ರು ಮೀನು ಸಿಕ್ಕುವ ಕಡಲಲ್ಲಿ ತೈಲಬಾವಿ ತೋಡುಕೆ ಹೊರಟವರಿಗೆ ಎದುರು ನಿಂತ್ರು.

ಇಂಗ್ಲೆಂಡಿನ ಹಲ್ ಅಂಬ ಊರಿನ ಕತೆ ಇನ್ನೂ ದೊಡ್ಡದು. 1968ರ ಜನವರಿ, ಫೆಬ್ರವರಿಯಲ್ಲಿ ಕೆಲವೇ ವಾರದೊಳಗೆ ಆ ಊರಿನ ಮೂರು ಮೀನುಹಡಗು ಮುಳುಗಿ 58 ಜನ ಹೋದ್ರು. ಲಿಲಿಯನ್ ಬಿಲೊಕ್ಕಾ ಅಂತ ಒಬ್ಬಳು, ಮೀನು ಕೊಯ್ಯುವ ಕೆಲಸದವಳು, ತಲೆಗೆ ಬಟ್ಟೆ ಕಟ್ಟಿಕೊಂಡು ಎದ್ದಳು. ಹತ್ತು ಸಾವಿರ ಸಹಿ ಮಾಡಿಸಿದಳು. ಹೆಂಗ್ಸ್ರು ಧಕ್ಕೆಗೆ ಬಂದ್ರೆ ಅಪಶಕುನ ಅಂತ ಅಲ್ಲೂ ನಂಬಿಕೆ ಇದ್ದಿತ್ತ್. ಇವಳು ಧಕ್ಕೆಗೇ ಹೋಗಿ, ರೇಡಿಯೊದವನು ಇಲ್ಲದ ಹಡಗನ್ನು ಹೊರಡುಕೆ ಬಿಡುದಿಲ್ಲೆ ಅಂತ ನಿಂತಳು, ಪೊಲೀಸರು ಹಿಡಿದು ಎಳೆದ್ರು. ಜೊತೆಗಾತಿಯರ ಸಮೇತ ಲಂಡನ್ನಿಗೆ ಹೋಗಿ ಮಂತ್ರಿಯನ್ನು ಕಂಡಳು. 88 ಸುರಕ್ಷತಾ ಕ್ರಮ ಬಂತು, ಹಡಗಿಗೊಬ್ಬ ರೇಡಿಯೊದವನೂ ಬಂದ. ಅವಳಿಗೆ ಸಿಕ್ಕಿದ್ದು ಎಂತ? ಬೈಗುಳದ ಕಾಗದ, ಕೆಲಸವೂ ಹೋಯ್ತು. ಆದ್ರೆ ಅವಳಿಂದ ಎಷ್ಟು ಜನ ಜೀವಂತ ಮನೆಗೆ ಬಂದಿರ್ಕ್, ಲೆಕ್ಕ ಹಾಕಿ. ಅವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲೆ. ಆಯ್ಕಾದ್ದೂ ಅದೇ ಅಲ್ದಾ?

ಹಾಂಗಾಗಿ ನಮ್ಮೂರ ಕಲ್ಲಿಗೆ ಹೆಸರು ಹುಡುಕುವ ಪುಸ್ತಕದಲ್ಲೇ ಇನ್ನೊಂದು ಬದಿಯಿಂದ ಇವತ್ತು ಕಡಲಿಗೆ ಹೋಪವರ ಹೆಸರೂ ಬರೀಕ್. ಯಾವ ಬೋಟು, ಯಾರ್‍ಯಾರು ಹತ್ತಿದ್ರು, ಮನೆಯ ಫೋನ್ ನಂಬರು ಎಂತ, ಲೈಫ್ ಜಾಕೆಟ್ ಎಷ್ಟು ಇತ್ತ್. ಧಕ್ಕೆಯಲ್ಲಿ ಒಂದು ಪುಸ್ತಕ, ಒಂದು ಪೆನ್ನು. ಸರ್ಕಾರದ ಕಾಗದದಲ್ಲಿ ಇಪ್ಪುದು ಇರ್ಲಿ, ನಮ್ಮದೂ ಒಂದು ಇರ್ಲಿ. ಹಾಲಿನ ಲೆಕ್ಕ, ಚೀಟಿಯ ಲೆಕ್ಕ, ಸಂಘದ ವಾರದ ಲೆಕ್ಕ ಒಂದು ರೂಪಾಯಿ ಆಚೀಚೆ ಆಗದ ಹಾಂಗೆ ಬರೆಯುವವರು ನಾವು. ಮನುಷ್ಯರ ಲೆಕ್ಕ ಬರೆಯುಕೆ ನಮಗೆ ಕಷ್ಟವಾ?

ಯಾರ ಹತ್ರವೂ ಲೆಕ್ಕ ಇಲ್ಲೆ ಅಂದ್ರಲ್ಲ, ಅದೇ ಸುಳ್ಳು. ಲೆಕ್ಕ ನಮ್ಮ ಹತ್ರ ಇತ್ತ್. ಯಾರ ಮನೆಯಲ್ಲಿ ಯಾವ ವರ್ಷ ಯಾರು ಬರಲಿಲ್ಲೆ ಅಂತ ನಮ್ಮ ಅತ್ತೆಯಂದಿರು, ಅಜ್ಜಿಯಂದಿರು ಇವತ್ತಿಗೂ ಹೇಳ್ತ್ರು: "ದೊಡ್ಡ ಗಾಳಿ ಬಂದ ವರ್ಷ", "ಇವನ ಅಪ್ಪಯ್ಯನ ಮದುವೆಯ ಮರುವರ್ಷ". ಅವರು ಇಪ್ಪಲ್ಲಿವರೆಗೆ ಆ ಪುಸ್ತಕ ಇತ್ತ್. ಅವರಲ್ಲಿ ಕೆಲವರಿಗೆ ಈಗ ತೊಂಬತ್ತಾಯ್ತು. ಒಬ್ಬೊಬ್ಬರು ಹೋದ ಹಾಂಗೆ ಒಂದೊಂದು ಹಾಳೆ ಹರಿದು ಹೋತಾ ಇತ್ತ್.

ಜೂನ್ ಒಂದರಿಂದ ಜುಲೈ ಕೊನೆವರೆಗೆ ಬೋಟು ದಡದಲ್ಲೇ ಇರ್ತದೆ, 61 ದಿನ. ಗಂಡ್ಸ್ರು ಬಲೆ ಹೊಲಿತ್ರು, ಇಸ್ಪೀಟು ಆಡ್ತ್ರು. ನಾವು ಆ 61 ದಿನದಲ್ಲಿ ಮನೆಮನೆಗೆ ಹೋಪ. ಇಬ್ಬಿಬ್ಬರು ಒಂದೊಂದು ಕೇರಿ ಹಂಚ್ಕಂಬ. ಒಂದು ನೂರು ಪುಟದ ನೋಟು ಪುಸ್ತಕ ಸಾಕು. ಹೆಸರು, ಅಪ್ಪನ ಇಲ್ಲಾ ತಾಯಿಯ ಹೆಸರು, ಊರು, ಹೊರಟ ವರ್ಷ, ಬೋಟು. ಹೊರರಾಜ್ಯದ ಹುಡುಗರ ವಿಷಯ ಬೋಟಿನ ಯಜಮಾನರ ಮನೆಯ ಹೆಂಗ್ಸ್ರಿಗೆ ಗೊತ್ತಿರ್ತದೆ, ಅವರನ್ನೂ ಕೇಂಬ. ಬಾಗಿಲಿಗೆ ಬಂದ ಚಂದಾದವರಿಗೆ ಜಗಳ ಬೇಡ, ಬೈಗುಳ ಬೇಡ, ಚಾ ಕೊಡಿ. "ಪಟ್ಟಿ ತಯಾರಾತಾ ಇತ್ತ್, ಕಲ್ಲಿನಲ್ಲಿ ಮೊದಲು ಅದನ್ನು ಕೆತ್ತಿಸಿ, ಆ ದಿನವೇ ದುಡ್ಡು ತಕಂಡು ಹೋಯಿನಿ" ಅಂತ ಹೇಳಿ. ಹತ್ತು ಮನೆಯಲ್ಲಿ ಇದೇ ಉತ್ತರ ಸಿಕ್ಕಿದ್ರೆ ಹನ್ನೊಂದನೇ ಮನೆಗೆ ಬಪ್ಪತಿಗೆ ಚಿತ್ರ ಬದಲಾಗಿರ್ತದೆ.

ನನ್ನ ಪುಸ್ತಕದಲ್ಲಿ ಮೊದಲ ಸಾಲು ದೊಡ್ಡಪ್ಪನದ್ದು, ಬರೆದಾಯ್ತು. ಎರಡನೇ ಸಾಲಿನಿಂದ ಖಾಲಿ ಇತ್ತ್. ನಿಮ್ಮ ಮನೆಯ ಅಜ್ಜಿಯ ಹತ್ರ ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಕೂತು ಕೇಣಿ, ನಾಳೆ ನಂಗೆ ಹೇಳಿ.